ಮೊಸರವಲಕ್ಕಿ ಮತ್ತು ಹನ್ನೊಂದು ಫೋನ್ ಕರೆ

(ಓದುಗರ ಪ್ರಶ್ನೆ, ನಮ್ಮ ಉತ್ತರ)

ಪರೀಕ್ಷೆಗಳು ಮುಗಿದು ಬೇಸಿಗೆ ರಜೆ ಶುರುವಾಗುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಅಂಕಗಳ ಚಿಂತೆ ಹಿಂದೆ ಸರಿದು, ಇಡೀ ದಿನ ಮನೆಯಲ್ಲಿರುವ ಮಗು ತಂದೆತಾಯಿಯರ ಕಣ್ಣಿಗೆ ಆ ವರ್ಷದಲ್ಲಿ ಮೊದಲ ಬಾರಿಗೆ ಪೂರ್ತಿಯಾಗಿ ಬೀಳುತ್ತದೆ. ಈ ಸಲ ಬಂದವುಗಳಲ್ಲಿ ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಹಿಡಿದಿರುವ ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಎಲ್ಲವೂ ಬೆಂಗಳೂರಿನವು. ಹೆಸರುಗಳನ್ನು ಬಿಟ್ಟು ಬಡಾವಣೆಗಳನ್ನಷ್ಟೇ ಉಳಿಸಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ ಹದಿಮೂರು ವರ್ಷ. ಓದಿನಲ್ಲಿ ಚುರುಕು, ಕಂಪ್ಯೂಟರ್ ಕೋಡಿಂಗ್‌ನಲ್ಲಿ ಬಹುಮಾನಗಳನ್ನು ತಂದಿದ್ದಾನೆ. ಮಾರ್ಚ್ ತಿಂಗಳ ಒಂದು ಸಂಜೆ, ಅಡುಗೆಯವರು ರಜೆ ಹಾಕಿದ್ದ ದಿನ, ನಾನು ಕಚೇರಿಯಿಂದ ಬರುತ್ತಾ ಸಿಲ್ಕ್ ಬೋರ್ಡ್ ಬಳಿ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡೆ. ನಾಲ್ಕು ಗಂಟೆಗೆ ಶಾಲೆಯಿಂದ ಬಂದವನು ಏಳೂವರೆಗೆ ನಾನು ಮನೆ ಸೇರುವ ತನಕ ಏನೂ ತಿನ್ನದೆ ಕುಳಿತಿದ್ದ. ಅಷ್ಟರಲ್ಲಿ ಹನ್ನೊಂದು ಸಲ ಫೋನ್ ಮಾಡಿದ್ದ. ಹನ್ನೊಂದು ಸಲವೂ ಕಾರು ನಿಂತಿದ್ದಾಗ ಮಾತನಾಡಿ, ಇನ್ನೇನು ಬಂದೆ ಎಂದು ಸಮಾಧಾನ ಹೇಳಿದೆ. ಮನೆಯಲ್ಲಿ ಅವಲಕ್ಕಿ ಇತ್ತು, ಫ್ರಿಜ್ಜಿನಲ್ಲಿ ಮೊಸರಿತ್ತು. ಒಲೆ ಹಚ್ಚುವ ಅಗತ್ಯವೂ ಇರಲಿಲ್ಲ. ಯಾಕೆ ಕಲಸಿಕೊಂಡು ತಿನ್ನಲಿಲ್ಲ ಎಂದು ಕೇಳಿದರೆ, ‘ನೀನು ಹೇಳಲೇ ಇಲ್ವಲ್ಲಮ್ಮ’ ಎಂದ. ನಾವು ಎಲ್ಲಿ ತಪ್ಪಿದೆವು?
(ಒಬ್ಬ ತಾಯಿ, ಕನಕಪುರ ರಸ್ತೆ)

ಉತ್ತರ: ನಿಮ್ಮ ಮಗನ ಆ ಒಂದು ಮಾತಿನಲ್ಲಿ ಸೋಮಾರಿತನವಿಲ್ಲ, ಉದ್ಧಟತನವೂ ಇಲ್ಲ, ಅವನು ನಿಜವನ್ನೇ ಹೇಳಿದ್ದಾನೆ. ಶಾಲೆಯ ವ್ಯಾನು ಎಷ್ಟು ಗಂಟೆಗೆ ಬರುತ್ತದೆ, ಡಬ್ಬಿಯಲ್ಲಿ ಏನಿರುತ್ತದೆ, ಯಾವ ದಿನ ಟ್ಯೂಷನ್, ಯಾವ ದಿನ ಈಜು, ಯಾವ ಅಂಗಿ, ಎಷ್ಟು ಹೊತ್ತಿಗೆ ನಿದ್ದೆ ಎಂಬುದೆಲ್ಲ ಇನ್ನೊಬ್ಬರ ತಲೆಯಲ್ಲಿ ತೀರ್ಮಾನವಾಗಿ, ಸಿದ್ಧವಾಗಿ ತನ್ನ ಮುಂದೆ ಬಂದು ನಿಲ್ಲುವುದನ್ನು ಹದಿಮೂರು ವರ್ಷ ನೋಡುತ್ತಾ ಬೆಳೆದ ಹುಡುಗನಿಗೆ, ಹಸಿವು ಎಂಬುದು ತಾನೇ ಪರಿಹರಿಸಿಕೊಳ್ಳಬೇಕಾದ ಸಂಗತಿ ಎಂದು ತೋಚದೆ, ಅಮ್ಮನಿಗೆ ತಿಳಿಸಬೇಕಾದ ಸುದ್ದಿ ಎಂದು ಮಾತ್ರ ತೋಚಿದ್ದರಲ್ಲಿ ಆಶ್ಚರ್ಯವೇನಿದೆ? ಅವನು ಹನ್ನೊಂದು ಸಲ ಸುದ್ದಿ ಮುಟ್ಟಿಸಿದ. ತನ್ನ ಪಾಲಿನ ಕೆಲಸವನ್ನು ಮಾಡಿ ಮುಗಿಸಿದೆನೆಂದೇ ಅವನ ಎಣಿಕೆ.

ಇದಕ್ಕೆ ಕಾರಣ ಅತಿ ಮುದ್ದು ಎಂದು ನಿಮಗೆ ನೂರು ಜನ ಹೇಳುತ್ತಾರೆ. ನನಗೆ ಆ ಮಾತು ಅರ್ಧ ಮಾತ್ರ ಒಪ್ಪಿಗೆ. ಮುದ್ದು ಹಿಂದೆಯೂ ಇತ್ತು. ಹಡೆದವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ಮಾಡಿದವರು ಅಪಾರ್ಟ್‌ಮೆಂಟಿನಲ್ಲಿ ಇದ್ದವರಲ್ಲ. ಆದರೆ ಆಗ ಮುದ್ದಿನ ಮಕ್ಕಳ ಕೈಯೂ ಮನೆಗೆ ಬೇಕಾಗಿತ್ತು, ಈಗ ಬೇಕಾಗಿಲ್ಲ. ವ್ಯತ್ಯಾಸದ ಮುಖ್ಯ ಭಾಗ ಅಲ್ಲಿದೆ ಎಂದು ನಾನು ತಿಳಿದಿದ್ದೇನೆ.

ಹಿಟ್ಟಿನ ಗಿರಣಿಯನ್ನೇ ತೆಗೆದುಕೊಳ್ಳಿ. ಎಪ್ಪತ್ತರ ದಶಕದಲ್ಲಿ ನನಗೆ ಒಂಬತ್ತೋ ಹತ್ತೋ ವರ್ಷವಿದ್ದಾಗ, ಭಾನುವಾರ ಬೆಳಿಗ್ಗೆ ಐದು ಸೇರು ಗೋಧಿಯ ಡಬ್ಬವನ್ನು ಸೊಂಟಕ್ಕೆ ಆನಿಸಿಕೊಂಡು ಗಿರಣಿಗೆ ಹೋಗುವುದು ನನ್ನ ಕೆಲಸವಾಗಿತ್ತು. ಅಲ್ಲಿ ಸಾಲಿನಲ್ಲಿ ಡಬ್ಬ ಇಡಬೇಕು, ಹಿಂದಿನವರು ಅದನ್ನು ಪಕ್ಕಕ್ಕೆ ತಳ್ಳದಂತೆ ಕಾಯಬೇಕು, ನಮ್ಮ ಮುಂದಿನವರದು ರಾಗಿಯಾಗಿದ್ದರೆ ‘ಅವರದಾದ ಮೇಲೆ ನಮ್ದು ಹಾಕ್ಬೇಡಿ, ಗೋಧಿ ಬೀಸಿದ ಮೇಲೆ ಹಾಕಿ’ ಎಂದು ಮೈಯೆಲ್ಲ ಹಿಟ್ಟಾದ ಆ ದೊಡ್ಡ ಮನುಷ್ಯನಿಗೆ ಬೆಲ್ಟಿನ ಸದ್ದನ್ನು ಮೀರಿ ಕೂಗಿ ಹೇಳಬೇಕು, ಕೊಟ್ಟ ಹಣಕ್ಕೆ ಉಳಿದ ಚಿಲ್ಲರೆ ಸರಿಯೇ ನೋಡಬೇಕು, ಕೊನೆಗೆ ಬಿಸಿಯಾಗಿ ಸುಡುವ ಡಬ್ಬವನ್ನು ಹಳೆಯ ಟವೆಲ್ಲಿನಲ್ಲಿ ಹಿಡಿದು ಮನೆಗೆ ತರಬೇಕು. ಮರೆತು ರಾಗಿಯ ಮೇಲೆ ಹಾಕಿಸಿದರೆ ಆ ವಾರವೆಲ್ಲ ಕಂದು ಬಣ್ಣದ ಚಪಾತಿ, ಜೊತೆಗೆ ಅಣ್ಣಂದಿರ ಗೇಲಿ. ನನ್ನ ತಾಯಿ ನನಗೆ ಸ್ವಾವಲಂಬನೆ ಕಲಿಸಲು ಹೀಗೆ ಮಾಡಲಿಲ್ಲ. ಅವರಿಗೆ ಹಿಟ್ಟು ಬೇಕಾಗಿತ್ತು, ಬೇರೆ ಯಾರಿಗೂ ಬಿಡುವಿರಲಿಲ್ಲ.

ನಿಮ್ಮ ಮನೆಯಲ್ಲಿ ಹಿಟ್ಟು ಪ್ಯಾಕೆಟ್ಟಿನಲ್ಲಿ ಬರುತ್ತದೆ, ಕೊತ್ತಂಬರಿ ಸೊಪ್ಪು ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುತ್ತದೆ, ಹಾಲು ಬೆಳಗಿನ ಜಾವ ಬಾಗಿಲ ಚೀಲಕ್ಕೆ ಬೀಳುತ್ತದೆ. ಮನೆಯಲ್ಲಿ ಕೈಗೂಸನ್ನು ಎತ್ತಿಕೊಳ್ಳಲು ಅಕ್ಕನೂ ಇಲ್ಲ, ಎತ್ತಿಕೊಳ್ಳಬೇಕಾದ ತಮ್ಮನೂ ಇಲ್ಲ. ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಹುಟ್ಟುವ ಮಕ್ಕಳ ಸಂಖ್ಯೆ 1992–93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 2.85 ಇದ್ದದ್ದು 2019–21ರ ಸಮೀಕ್ಷೆಯ ಹೊತ್ತಿಗೆ 1.7ಕ್ಕೆ ಇಳಿದಿತ್ತು. ಒಂದು ಮಗುವಿನ ಸುತ್ತ ಇಬ್ಬರು ತಂದೆತಾಯಿ, ಕೆಲವೊಮ್ಮೆ ನಾಲ್ವರು ಅಜ್ಜ ಅಜ್ಜಿಯರು, ಒಬ್ಬ ಅಡುಗೆಯವರು, ಒಬ್ಬ ವ್ಯಾನ್ ಚಾಲಕ. ಇಷ್ಟು ಜನರ ನಡುವೆ ಅದಕ್ಕೆ ಮಾಡಲು ಉಳಿಯುವ ಕೆಲಸ ಅಂಕ ತರುವುದೊಂದೇ. ಅದನ್ನು ನಿಮ್ಮ ಮಗ ಚೆನ್ನಾಗಿ ಮಾಡುತ್ತಿದ್ದಾನೆ.

ಇನ್ನೊಂದು ಸಂಗತಿ ಸಮಯದ್ದು. ಮೊಸರವಲಕ್ಕಿ ಕಲಸಲು ನಿಮಗೆ ನಾಲ್ಕು ನಿಮಿಷ ಸಾಕು; ಕಲಿಯುತ್ತಿರುವ ಹುಡುಗನಿಗೆ ಇಪ್ಪತ್ತು ನಿಮಿಷ ಬೇಕು, ಆಮೇಲೆ ಕಟ್ಟೆಯನ್ನು ಒರೆಸಲು ಇನ್ನೈದು ನಿಮಿಷ. ಎಂಟು ಗಂಟೆಗೆ ಹೊರವರ್ತುಲ ರಸ್ತೆಯ ಕಡೆಗೆ ಹೊರಡಬೇಕಾದ ಮನೆಯಲ್ಲಿ ಆ ಹೆಚ್ಚಿನ ಇಪ್ಪತ್ತೊಂದು ನಿಮಿಷ ಎಲ್ಲಿಂದ ತರುವುದು? ಆದ್ದರಿಂದ ‘ಸರಿ ಬಿಡು, ನಾನೇ ಮಾಡ್ತೀನಿ’ ಎನ್ನುತ್ತೇವೆ. ಈ ಮಾತನ್ನು ಪ್ರೀತಿಯಿಂದ ಹೇಳುವುದಕ್ಕಿಂತ ಅವಸರದಿಂದ ಹೇಳುವುದೇ ಹೆಚ್ಚು. ದಿನಕ್ಕೆ ನಾಲ್ಕು ಸಲ ಹೇಳಿದರೂ ಹತ್ತು ವರ್ಷದಲ್ಲಿ ಅದೇ ಶಿಕ್ಷಣವಾಗಿಬಿಡುತ್ತದೆ.

ಮನಶ್ಶಾಸ್ತ್ರಜ್ಞ ಹಾಯಿಮ್ ಗಿನಾಟ್ 1969ರಲ್ಲಿಯೇ, ತನ್ನ ತಾಯಿ ಹೆಲಿಕಾಪ್ಟರಿನಂತೆ ತಲೆಯ ಮೇಲೆ ಸುತ್ತುತ್ತಿರುತ್ತಾಳೆಂದ ಹುಡುಗನ ಮಾತನ್ನು ದಾಖಲಿಸಿದ್ದರು. ಈಗ ಆ ಹೆಲಿಕಾಪ್ಟರು ಜೇಬಿನೊಳಗಿದೆ. ನೀವು ಸಿಲ್ಕ್ ಬೋರ್ಡಿನಲ್ಲಿ ನಿಂತೇ ಕನಕಪುರ ರಸ್ತೆಯ ಅಡುಗೆಮನೆಯಲ್ಲಿ ಹಾಜರಿದ್ದಿರಿ. ಅವನು ಏನು ಮಾಡಲಿಲ್ಲ ಎಂದು ನೀವು ಬರೆದಿದ್ದೀರಿ. ನಾನು ನೋಡುತ್ತಿರುವುದು ನೀವು ಮಾಡಿದ್ದನ್ನು. ಹನ್ನೊಂದು ಕರೆಗಳಲ್ಲಿ ಒಂದರಲ್ಲಿಯೂ ‘ಮನೆಯಲ್ಲಿ ಏನೇನಿದೆ ನೋಡಿ ಹೇಳು’ ಎಂದು ನೀವು ಕೇಳಿದಂತಿಲ್ಲ. ‘ಇನ್ನೇನು ಬಂದೆ’ ಎಂಬ ಉತ್ತರ ಅವನನ್ನು ಸಮಾಧಾನಪಡಿಸಿತೋ ಇಲ್ಲವೋ, ನಿಮ್ಮನ್ನು ಸಮಾಧಾನಪಡಿಸಿತು. ಇದನ್ನು ಆಕ್ಷೇಪವೆಂದು ತಿಳಿಯಬೇಡಿ, ನಾನೂ ತಾಯಿ. ಆದರೆ ಮಗುವಿನ ಆತಂಕವನ್ನು ತಣಿಸಲು ದೊಡ್ಡವರು ಪ್ರತಿ ಸಲವೂ ಮಣಿಯುತ್ತಾ ಹೋದಂತೆ ಆ ಆತಂಕ ಬೆಳೆಯುತ್ತದೆ ಎಂಬುದನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಲಿ ಲೆಬೊವಿಟ್ಜ್ ಮತ್ತು ಸಂಗಡಿಗರು ಬಹುಕಾಲದಿಂದ ಅಧ್ಯಯನ ಮಾಡಿದ್ದಾರೆ. 2020ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಆತಂಕದ ತೊಂದರೆಯಿದ್ದ ಮಕ್ಕಳನ್ನು ಚಿಕಿತ್ಸೆಗೆ ಕರೆಯದೆ, ಕೇವಲ ತಂದೆತಾಯಿಗೆ ತರಬೇತಿ ಕೊಟ್ಟಾಗಲೂ, ಮಕ್ಕಳಿಗೇ ನೇರವಾಗಿ ಚಿಕಿತ್ಸೆ ಕೊಟ್ಟಷ್ಟೇ ಗುಣ ಕಂಡುಬಂದಿತು. ನಿಮ್ಮ ಮಗನಿಗೆ ಅಂಥ ತೊಂದರೆಯಿದೆ ಎಂದು ನಾನು ಹೇಳುತ್ತಿಲ್ಲ. ಹಿಡಿಕೆ ಯಾರ ಕೈಯಲ್ಲಿದೆ ಎಂಬುದನ್ನಷ್ಟೇ ತೋರಿಸುತ್ತಿದ್ದೇನೆ.

ಇನ್ನು ಮಾಡಬೇಕಾದದ್ದು. ರಜೆಯಲ್ಲಿ ‘ಜೀವನ ಕೌಶಲ’ ಶಿಬಿರಕ್ಕೆ ಸೇರಿಸಬೇಕೆಂದು ನಿಮಗೆ ಅನ್ನಿಸಬಹುದು, ದಯವಿಟ್ಟು ಬೇಡ. ಹಣ ಕೊಟ್ಟು ಹಗ್ಗದ ಸೇತುವೆ ದಾಟಿಸಿಕೊಂಡು ಬಂದ ಮಗು ಮನೆಗೆ ಬಂದು ಅಮ್ಮನಿಂದ ನೀರು ತರಿಸಿಕೊಂಡು ಕುಡಿಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದರ ಬದಲು, ಮಾಡದಿದ್ದರೆ ಮನೆಗೆ ನಿಜವಾಗಿ ತೊಂದರೆಯಾಗುವಂಥ ಒಂದೇ ಒಂದು ಕೆಲಸವನ್ನು ಅವನಿಗೆ ಬಿಟ್ಟುಕೊಡಿ. ಒಂದು ಉದಾಹರಣೆ: ರಾತ್ರಿ ಫಿಲ್ಟರಿಗೆ ಡಿಕಾಕ್ಷನ್ ಹಾಕುವುದು. ಪುಡಿಯ ಡಬ್ಬಿಯಲ್ಲಿ ಎಷ್ಟಿದೆ ನೋಡುವುದು, ಮೇಲಿನ ಬಟ್ಟಲಿಗೆ ಪುಡಿ ಹಾಕಿ ಹದವಾಗಿ ಒತ್ತುವುದು, ಕುದಿನೀರನ್ನು ಸುತ್ತಲೂ ಬರುವಂತೆ ಸುರಿಯುವುದು, ಪುಡಿ ಮುಗಿಯುವ ಮುಂಚೆ ಅಂಗಡಿಗೆ ಹೋಗಿ ಚಿಕೋರಿ ಎಷ್ಟು ಬೆರೆಸಬೇಕೆಂದು ಹೇಳಿ ಪುಡಿ ಮಾಡಿಸಿಕೊಂಡು ಬರುವುದು, ಇದೆಲ್ಲ ಅವನದು. ಹೆಚ್ಚು ಒತ್ತಿದರೆ ಡಿಕಾಕ್ಷನ್ ಇಳಿಯುವುದಿಲ್ಲ, ಒತ್ತದಿದ್ದರೆ ನೀರುನೀರು. ಮೊದಲ ಹತ್ತು ದಿನ ಎರಡೂ ಆಗುತ್ತದೆ, ಕುಡಿಯಿರಿ. ಒಂದು ರಾತ್ರಿ ಮರೆತೇಬಿಡುತ್ತಾನೆ. ಮಾರನೆಯ ದಿನ ಮನೆಯಲ್ಲಿ ಯಾರಿಗೂ ಕಾಫಿ ಇಲ್ಲ. ಅಂದು ನೀವು ಹನ್ನೊಂದು ಗಂಟೆ ರಾತ್ರಿಗೆ ಗುಟ್ಟಾಗಿ ಎದ್ದು ಹೋಗಿ ಫಿಲ್ಟರ್ ತುಂಬಿಸಿಟ್ಟಿರೋ, ಇಷ್ಟು ದಿನ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ‘ನಾನು ಮಾಡಬಲ್ಲೆ’ ಎಂಬ ನಂಬಿಕೆಗೆ ಮುಖ್ಯ ಆಧಾರ ಮಾಡಿ ಗೆದ್ದ ಅನುಭವವೇ ಹೊರತು ಹೊಗಳಿಕೆಯಲ್ಲ ಎಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ವಿವರಿಸಿದ್ದರು. ಸೋಲಲು ಸಾಧ್ಯವೇ ಇಲ್ಲದ ಕೆಲಸದಲ್ಲಿ ಗೆಲುವೆಂಬುದು ಇರುವುದಿಲ್ಲವಲ್ಲ.

ಪ್ರಶ್ನೆ: ಸೋದರಿ ಸಮಾನರಾದ ಅಂಕಣಕಾರರಿಗೆ ನಮಸ್ಕಾರ. ನನಗೀಗ ಎಪ್ಪತ್ತೈದು ವರ್ಷ. ನಾವು ಗವಿಪುರದಿಂದ ಬಸವನಗುಡಿಯ ಶಾಲೆಗೆ ಚಪ್ಪಲಿ ಇಲ್ಲದೆ ನಡೆದು ಹೋದವರು, ಕೆಂಪಾಂಬುಧಿ ಕೆರೆಯಲ್ಲಿ ಈಜು ಕಲಿತವರು, ಬೀದಿಯಲ್ಲಿ ಕತ್ತಲಾಗುವ ತನಕ ಲಗೋರಿ, ಚಿನ್ನಿದಾಂಡು ಆಡಿದವರು. ನನ್ನ ಮೊಮ್ಮಗ ಹತ್ತು ವರ್ಷದವನು, ಗೇಟಿನ ಆಚೆ ಕಾಲಿಟ್ಟಿಲ್ಲ. ಸೊಸೆ ಬಿಡುವುದಿಲ್ಲ. ದಿನವೂ ವ್ಯಾನಿಗಾಗಿ ಕಾದು, ಅವನ ಬ್ಯಾಗನ್ನು ಹೊತ್ತು ತರುವುದೇ ನನ್ನ ಕೆಲಸವಾಗಿದೆ. ಇಂದಿನ ತಾಯಂದಿರು ಮಕ್ಕಳನ್ನು ಹಾಳು ಮಾಡುತ್ತಿದ್ದಾರೆಂದು ತಮಗೆ ಅನ್ನಿಸುವುದಿಲ್ಲವೇ?
(ಒಬ್ಬ ಹಿರಿಯರು, ಹನುಮಂತನಗರ)

ಉತ್ತರ: ತಮ್ಮ ವಯಸ್ಸಿಗೆ ಗೌರವ ಸಲ್ಲಿಸಿಯೇ ಮೂರು ವಿಷಯಗಳಲ್ಲಿ ಭಿನ್ನಾಭಿಪ್ರಾಯ ಹೇಳುತ್ತೇನೆ.

ಮೊದಲನೆಯದು, ತಾವು ನಡೆದ ಊರು ಈಗಿಲ್ಲ. ತಾವು ಮೂವತ್ತು ದಾಟಿದ್ದಾಗ, 1981ರ ಜನಗಣತಿಯಲ್ಲೂ, ಬೆಂಗಳೂರು ನಗರ ಪ್ರದೇಶದ ಜನಸಂಖ್ಯೆ 29 ಲಕ್ಷವಿತ್ತು. 2011ರ ಹೊತ್ತಿಗೆ 85 ಲಕ್ಷವಾಯಿತು. ಇಂದು ನಗರದಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆಯೇ ಒಂದು ಕೋಟಿಯನ್ನು ದಾಟಿದೆ. ಲಗೋರಿ ಆಡುತ್ತಿದ್ದ ಬೀದಿಯಲ್ಲಿ ಎರಡೂ ಬದಿಗೆ ಕಾರುಗಳು ನಿಂತಿರುತ್ತವೆ, ಉಳಿದ ಜಾಗದಲ್ಲಿ ಆಹಾರ ತಲುಪಿಸುವ ಸ್ಕೂಟರುಗಳು ಗಡಿಯಾರದ ವಿರುದ್ಧ ಓಡುತ್ತಿರುತ್ತವೆ, ಪಾದಚಾರಿ ಮಾರ್ಗದ ಮೇಲೆ ಟ್ರಾನ್ಸ್‌ಫಾರ್ಮರ್ ಇರುತ್ತದೆ. ತಮ್ಮ ಸೊಸೆ ಹೆದರುತ್ತಿರುವುದು ಕಣ್ಣಿಗೆ ಕಾಣುವ ವಸ್ತುಗಳಿಗೆ. ಇದು ನಮ್ಮೂರಿನ ಕಥೆಯೊಂದೇ ಅಲ್ಲ. ಇಂಗ್ಲೆಂಡಿನಲ್ಲಿ ಮೇಯರ್ ಹಿಲ್‌ಮನ್ ಎಂಬ ಸಂಶೋಧಕ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಂತೆ, 1971ರಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ ಶೇ 80ರಷ್ಟು ದೊಡ್ಡವರಿಲ್ಲದೆ ಶಾಲೆಗೆ ಹೋಗುತ್ತಿದ್ದರು, 1990ರಲ್ಲಿ ಶೇ 9ರಷ್ಟು ಮಾತ್ರ. ಅದೇ ಅವಧಿಯಲ್ಲಿ ಅಲ್ಲಿ ರಸ್ತೆ ಅಪಘಾತಗಳಲ್ಲಿ ಸಾಯುವ ಮಕ್ಕಳ ಸಂಖ್ಯೆ ಇಳಿದಿತ್ತು. ರಸ್ತೆಗಳು ಸುರಕ್ಷಿತವಾದದ್ದರಿಂದ ಹಾಗಾಗಲಿಲ್ಲ, ಮಕ್ಕಳನ್ನು ರಸ್ತೆಯಿಂದ ಹಿಂತೆಗೆದುಕೊಂಡದ್ದರಿಂದ ಹಾಗಾಯಿತು ಎಂಬುದು ಅವರ ವಾದ. ಅಂದರೆ ವಾಹನಗಳಿಗೆ ದಾರಿ ಬಿಟ್ಟುಕೊಟ್ಟು ಮನೆಯೊಳಗೆ ಸೇರಿಕೊಂಡವರು ಮಕ್ಕಳು. ಈ ಲೆಕ್ಕದಲ್ಲಿ ತಾಯಂದಿರ ಮೇಲೆ ಎಷ್ಟು ತಪ್ಪು ಹೊರಿಸಬಹುದೋ, ಪಾದಚಾರಿ ಮಾರ್ಗವನ್ನು ನುಂಗಿದ ನಮ್ಮೆಲ್ಲರ ಕಾರುಗಳ ಮೇಲೆ ಅದಕ್ಕಿಂತ ಹೆಚ್ಚು ಹೊರಿಸಬೇಕು.

ಎರಡನೆಯದು, ಕೆಂಪಾಂಬುಧಿಯಲ್ಲಿ ಈಜು ಕಲಿತವರು ಇಂದು ಪತ್ರ ಬರೆಯುತ್ತಾರೆ; ಕೆರೆಗಳಲ್ಲಿ ಮುಳುಗಿಹೋದ ಮಕ್ಕಳು ಬರೆಯುವುದಿಲ್ಲ. ಆ ಕಾಲದವರನ್ನು ವಿಚಾರಿಸಿದರೆ ಪ್ರತಿ ಬೀದಿಗೂ ಅಂಥ ಒಂದು ಹೆಸರು ನೆನಪಾಗುತ್ತದೆ. ಮತ್ತೆ, ತಮ್ಮ ಅಕ್ಕತಂಗಿಯರೂ ಕತ್ತಲಾಗುವ ತನಕ ಬೀದಿಯಲ್ಲಿ ಆಡಿದರೇ? ನಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ನಾವು ಹುಡುಗಿಯರು ಒಳಗಿರಬೇಕಾಗಿತ್ತು. ಹಳೆಯ ಸ್ವಾತಂತ್ರ್ಯ ಎಲ್ಲ ಮಕ್ಕಳದೂ ಆಗಿರಲಿಲ್ಲ.

ಮೂರನೆಯದನ್ನು ಹೇಳಲು ಸ್ವಲ್ಪ ಸಂಕೋಚ. ಬ್ಯಾಗನ್ನು ಹೊತ್ತು ತರುತ್ತಿರುವವರು ತಮ್ಮ ಸೊಸೆಯಲ್ಲ, ತಾವು.

ಆದರೆ ತಮ್ಮ ಬಳಿ ಆ ಮನೆಯಲ್ಲಿ ಬೇರೆ ಯಾರ ಬಳಿಯೂ ಇಲ್ಲದ ಒಂದು ಸಂಪತ್ತಿದೆ: ಬಿಡುವು. ಹತ್ತು ವರ್ಷದ ಹುಡುಗ ಒಂದು ಕಟ್ಟು ಸೊಪ್ಪು ಕೊಳ್ಳಲು ತೆಗೆದುಕೊಳ್ಳುವ ಹೊತ್ತನ್ನು ಕಾಯುವ ತಾಳ್ಮೆ ಕಚೇರಿಗೆ ಹೋಗುವವರಿಗಿಲ್ಲ, ತಮಗಿದೆ. ನಾಳೆ ಸಂಜೆ ಅವನನ್ನು ಗಾಂಧಿಬಜಾರಿಗೆ ಕರೆದುಕೊಂಡು ಹೋಗಿ, ಐವತ್ತು ರೂಪಾಯಿ ಅವನ ಕೈಗೆ ಕೊಟ್ಟು, ತಾವು ಹತ್ತು ಹೆಜ್ಜೆ ದೂರದಲ್ಲಿ ಎಲ್ಲಾದರೂ ಕುಳಿತುಬಿಡಿ. ಅವನು ಬಾಡಿದ ಸೊಪ್ಪನ್ನು ತಂದರೂ ಹೋಗಿ ಬದಲಾಯಿಸಿ ಕೊಡಬೇಡಿ. ಮನೆಯಲ್ಲಿ ಸೊಸೆಯನ್ನು ಮೂದಲಿಸುವುದನ್ನು ನಿಲ್ಲಿಸಿದರೆ ಅವರೂ ನಿಧಾನಕ್ಕೆ ಧೈರ್ಯ ತಂದುಕೊಳ್ಳುತ್ತಾರೆ. ಮೂದಲಿಕೆಗೆ ಹೆದರಿ ಯಾವ ತಾಯಿಯೂ ಮಗುವನ್ನು ಹೊರಗೆ ಬಿಟ್ಟದ್ದನ್ನು ನಾನು ಕಂಡಿಲ್ಲ.

ಪ್ರಶ್ನೆ: ನನ್ನ ಮಗಳಿಗೆ ಹನ್ನೆರಡು ವರ್ಷ. ವಿಜಯನಗರದ ನಮ್ಮ ಮನೆಯಿಂದ ರಾಜಾಜಿನಗರದ ಸಂಗೀತ ತರಗತಿಗೆ ಬಸ್ಸಿನಲ್ಲಿ ಒಬ್ಬಳೇ ಹೋಗುತ್ತೇನೆ ಎನ್ನುತ್ತಾಳೆ. ಬಸ್ಸು ನೇರವಾಗಿದೆ. ನನ್ನ ಪತ್ನಿಗೂ ನನಗೂ ಭಯ. ಪತ್ರಿಕೆ ತೆರೆದರೆ ಏನೇನೋ ಸುದ್ದಿ. ಜಿಪಿಎಸ್ ಇರುವ ವಾಚನ್ನು ಕಟ್ಟಿ ಕಳಿಸಿದರೆ ಸಾಕೇ, ಅಥವಾ ಇನ್ನೂ ನಾಲ್ಕು ವರ್ಷ ಕಾಯಬೇಕೇ?
(ಒಬ್ಬ ತಂದೆ, ವಿಜಯನಗರ)

ಉತ್ತರ: ಕೇಳುವ ಮಗಳಿದ್ದಾಳೆ ಎಂಬುದೇ ಸಂತೋಷದ ವಿಷಯ. ಅವಳು ಕೇಳುತ್ತಿರುವಾಗಲೇ ಕಳಿಸಿ. ಹದಿನಾರಕ್ಕೆ ಕೇಳುವುದನ್ನು ಬಿಟ್ಟಿರುತ್ತಾಳೆ, ಇಲ್ಲವೇ ಹೇಳದೆ ಹೋಗುತ್ತಿರುತ್ತಾಳೆ.

ನಿಮ್ಮ ಭಯವನ್ನು ಅಲ್ಲಗಳೆಯುವುದಿಲ್ಲ, ಆದರೆ ಅದನ್ನು ಸರಿಯಾದ ಜಾಗದಲ್ಲಿ ಇಡೋಣ. ಬಸ್ಸಿನಲ್ಲಿ ಹೋಗುವ ಮಗುವಿಗೆ ಮೊದಲ ಅಪಾಯ ರಸ್ತೆ ದಾಟುವುದು. ಇಳಿದ ತಕ್ಷಣ ನಿಂತ ಬಸ್ಸಿನ ಮುಂದಿನಿಂದ ದಾಟಬಾರದು, ಬಸ್ಸು ಹೋಗಿ ಎರಡೂ ಕಡೆ ಕಣ್ಣಿಗೆ ಕಾಣುವಂತಾದ ಮೇಲೆ ದಾಟಬೇಕು ಎಂಬ ಒಂದೇ ಪಾಠವನ್ನು ಅವಳು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಂತಾಗಬೇಕು. ಇನ್ನು ಲೈಂಗಿಕ ದೌರ್ಜನ್ಯದ ಭಯ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾರ್ಷಿಕ ವರದಿಗಳನ್ನು ನೋಡಿದರೆ, 2012ರ ಪೋಕ್ಸೊ ಕಾಯ್ದೆಯಡಿ ದಾಖಲಾಗುವ ಮಕ್ಕಳ ಮೇಲಿನ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಆ ಮಗುವಿಗೆ ಪರಿಚಿತನೇ ಆಗಿರುತ್ತಾನೆ. ಮಗುವನ್ನು ಮನೆಯೊಳಗೆ, ಪರಿಚಿತರ ನಡುವೆ ಇಟ್ಟುಕೊಂಡ ಮಾತ್ರಕ್ಕೆ ರಕ್ಷಣೆಯಾಗುವುದಿಲ್ಲ ಎಂದಾಯಿತು. ‘ಅಪರಿಚಿತರೊಂದಿಗೆ ಮಾತನಾಡಬೇಡ’ ಎಂಬ ಸಾಮಾನ್ಯ ಉಪದೇಶವನ್ನು ನಾನು ಕೊಡುವುದಿಲ್ಲ. ದಾರಿ ತಪ್ಪಿದ ಹುಡುಗಿ ಅಪರಿಚಿತರನ್ನಲ್ಲದೆ ಇನ್ನಾರನ್ನು ಕೇಳಬೇಕು? ಮಾತನಾಡಲಿ, ಆದರೆ ಯಾರ ಜೊತೆಗೂ ಹೋಗಬಾರದು. ಕೇಳುವುದಾದರೆ ಕಂಡಕ್ಟರನ್ನು, ಮಕ್ಕಳ ಜೊತೆಗಿರುವ ಹೆಂಗಸನ್ನು, ಮೆಡಿಕಲ್ ಶಾಪಿನವರನ್ನು ಕೇಳಲಿ. ಮೈಮುಟ್ಟಿದರೆ ಗಟ್ಟಿಯಾಗಿ ಕೂಗಬೇಕು. ಬಸ್ಸಿನಲ್ಲಿ ಕೂಗಿದ್ದಕ್ಕೆ ಮನೆಯಲ್ಲಿ ಯಾರೂ ಬೈಯುವುದಿಲ್ಲ ಎಂಬುದು ಅವಳಿಗೆ ಗೊತ್ತಿರಬೇಕು. ಮಕ್ಕಳ ಸಹಾಯವಾಣಿ 1098, ತುರ್ತು ಕರೆಗೆ 112, ನಿಮ್ಮಿಬ್ಬರ ಸಂಖ್ಯೆಗಳು, ಇವು ಫೋನಿನಲ್ಲಿದ್ದರೆ ಸಾಲದು, ಬಾಯಿಗೆ ಬರಬೇಕು.

ಗಾರೆ ಕೆಲಸದವರು ಗೋಡೆಯ ಸುತ್ತ ಸಾರುವೆ ಕಟ್ಟುವುದನ್ನು ನೋಡಿದ್ದೀರಲ್ಲ, ದೊಡ್ಡವರು ಮಗುವಿಗೆ ಕೊಡುವ ಸಹಾಯಕ್ಕೆ ಅದೇ ಹೋಲಿಕೆಯನ್ನು ಮನಶ್ಶಾಸ್ತ್ರಜ್ಞರಾದ ಡೇವಿಡ್ ವುಡ್, ಜೆರೋಮ್ ಬ್ರೂನರ್ ಮತ್ತು ಗೇಲ್ ರಾಸ್ 1976ರಲ್ಲಿ ಬಳಸಿದರು. ಗೋಡೆ ಎದ್ದಂತೆ ಸಾರುವೆಯನ್ನು ಬಿಚ್ಚುತ್ತಾ ಹೋಗಬೇಕು. ನಿಮ್ಮ ಮಗಳ ವಿಷಯದಲ್ಲಿ ಅದನ್ನು ಹೀಗೆ ಮಾಡಿ: ಮೊದಲ ವಾರ ಇಬ್ಬರೂ ಹೋಗಿ, ಆದರೆ ದಾರಿ ತೋರಿಸುವವಳು ಅವಳು, ಬಸ್ಸಿನ ಬೋರ್ಡು ಓದುವುದು, ಸ್ಟಾಪ್ ಬಂದಾಗ ಏಳುವುದು ಅವಳ ಕೆಲಸ. ಅವಳು ತಪ್ಪು ಸ್ಟಾಪಿನಲ್ಲಿ ಇಳಿದರೆ ನೀವೂ ಬಾಯಿ ಮುಚ್ಚಿಕೊಂಡು ಇಳಿಯಿರಿ. ಎರಡನೆಯ ವಾರ ಅದೇ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕುಳಿತು, ಪರಿಚಯವಿಲ್ಲದವರಂತಿರಿ. ಮೂರನೆಯ ವಾರ ರಾಜಾಜಿನಗರದ ಸ್ಟಾಪಿನಲ್ಲಿ ಕಾಯಿರಿ. ಆಮೇಲೆ ಮನೆಯಲ್ಲಿ ಕಾಯಿರಿ. ಡಿಸೆಂಬರಿನಲ್ಲಿ ಆರು ಗಂಟೆಗೇ ಕತ್ತಲಾಗುವುದರಿಂದ ಆ ಒಂದೆರಡು ತಿಂಗಳು ಹಿಂದಿರುಗುವಾಗ ನೀವು ಹೋಗಿ ಕರೆತಂದರೆ ಅದರಲ್ಲಿ ಸೋಲೇನೂ ಇಲ್ಲ. ಖರ್ಚಿನ ಮಾತಂತೂ ಬರುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದಂದಿನಿಂದ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದ ಹೆಣ್ಣುಮಕ್ಕಳಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ಟಿಕೆಟ್ ಕೊಡುತ್ತಾರೆ. ಆ ಟಿಕೆಟನ್ನು ಕೇಳಿ ಪಡೆಯುವುದೂ ಅವಳ ಕಲಿಕೆಯ ಭಾಗ.

ವಾಚಿನ ವಿಷಯ. ಬೇಕಿದ್ದರೆ ಕಟ್ಟಿ, ಆದರೆ ನೋಡುತ್ತಾ ಕೂರಬೇಡಿ. ಚುಕ್ಕಿ ಎರಡು ನಿಮಿಷ ಅಲುಗಾಡಲಿಲ್ಲವೆಂದು ನೀವು ಫೋನ್ ಮಾಡಿದರೆ ಅವಳು ಬಸ್ಸಿನಲ್ಲಿ ಒಬ್ಬಳೇ ಹೋದಂತಾಗುವುದಿಲ್ಲ. ಉಪದೇಶ ಮಾಡುವ ನನ್ನದೂ ಒಂದು ತಪ್ಪೊಪ್ಪಿಗೆ ಇರಲಿ: ನನ್ನ ಮಗಳು ಮೊದಲ ಸಲ ಒಬ್ಬಳೇ ಮಲ್ಲೇಶ್ವರಕ್ಕೆ ಹೋದ ದಿನ ನಾನು ಹಿಂದಿನ ಆಟೋದಲ್ಲಿ, ತಲೆಗೆ ಸೆರಗು ಹೊದ್ದು, ಆ ಬಸ್ಸನ್ನು ಹಿಂಬಾಲಿಸಿದ್ದೆ. ಅವಳಿಗೆ ಅದು ತಿಳಿದದ್ದು ಅವಳ ಮದುವೆಯ ಹಿಂದಿನ ರಾತ್ರಿ.

ಪ್ರಶ್ನೆ: ನನಗೆ 23 ವರ್ಷ, ಕೆಲಸಕ್ಕೆ ಸೇರಿ ಒಂದು ವರ್ಷವಾಯಿತು. ಸಂಬಳದ ಖಾತೆಯನ್ನು ಅಪ್ಪ ನೋಡಿಕೊಳ್ಳುತ್ತಾರೆ. ಮೊನ್ನೆ ಹಲ್ಲುನೋವೆಂದು ವೈದ್ಯರ ಬಳಿ ಹೋದಾಗ ಯಾವ ಹಲ್ಲು ನೋಯುತ್ತದೆ ಎಂಬುದನ್ನೂ ಅಮ್ಮನೇ ಹೇಳಿದರು. ಈಗ ಪುಣೆಗೆ ವರ್ಗವಾಗಿದೆ. ಒಬ್ಬಳೇ ಇರಬಲ್ಲೆನೇ ಎಂಬ ಭಯದಿಂದ ರಾಜೀನಾಮೆ ಕೊಡಲೇ ಎಂದು ಯೋಚಿಸುತ್ತಿದ್ದೇನೆ.
(ಒಬ್ಬ ಓದುಗಿ, ಬನಶಂಕರಿ)

ಉತ್ತರ: ರಾಜೀನಾಮೆ ಕೊಡಬೇಡಿ. ನಿಮಗೆ ಕೆಲಸ ಬರುವುದಿಲ್ಲ ಎಂದು ನೀವು ತಿಳಿದಿದ್ದೀರಿ, ಆದರೆ ನೀವು ಮಾಡಿ ನೋಡಿಲ್ಲ. ಬರುವುದಿಲ್ಲ ಎಂದು ತೀರ್ಮಾನಿಸಲು ನಿಮ್ಮ ಬಳಿ ಪುರಾವೆಯೇ ಇಲ್ಲ. ಪುಣೆಗೆ ಹೊರಡುವ ಮುಂಚೆ ಆ ಹಲ್ಲಿನ ಮುಂದಿನ ಭೇಟಿಗೆ ಒಬ್ಬರೇ ಹೋಗಿ ಬನ್ನಿ, ಬಿಲ್ಲನ್ನು ನೀವೇ ಕಟ್ಟಿ. ಖಾತೆಯ ಪಾಸ್‌ವರ್ಡನ್ನು ಬದಲಾಯಿಸಿ, ಬದಲಾಯಿಸಿದ ಸಂಗತಿಯನ್ನು ತಂದೆಗೆ ಜಗಳವಿಲ್ಲದೆ ತಿಳಿಸಿ, ಉಳಿತಾಯದ ಬಗ್ಗೆ ತಿಂಗಳಿಗೊಮ್ಮೆ ಅವರ ಸಲಹೆ ಕೇಳಿ. ಸಲಹೆ ಕೇಳುವುದಕ್ಕೂ ಕೀಲಿಕೈ ಕೊಡುವುದಕ್ಕೂ ಬಹಳ ಅಂತರವಿದೆ. 10 ವರ್ಷ ತುಂಬಿದ ಮಕ್ಕಳು ಉಳಿತಾಯ ಖಾತೆಯನ್ನು ತಾವೇ ತೆರೆದು ನಿರ್ವಹಿಸಬಹುದೆಂದು ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಬ್ಯಾಂಕುಗಳಿಗೆ ತಿಳಿಸಿದೆ. ನಿಮಗೆ ಅದಕ್ಕಿಂತ ಹದಿಮೂರು ವರ್ಷ ಹೆಚ್ಚಾಗಿದೆ ಎಂದು ತಂದೆಯವರಿಗೆ ನಗುನಗುತ್ತಲೇ ಹೇಳಬಹುದು.

ಪುಣೆಯಲ್ಲಿ ಮೊದಲ ತಿಂಗಳು ಅಳು ಬರುತ್ತದೆ, ಅನ್ನ ಹತ್ತುತ್ತದೆ, ಗ್ಯಾಸ್ ಮುಗಿಯುತ್ತದೆ. ದಿನವೂ ಅಮ್ಮನಿಗೆ ಫೋನ್ ಮಾಡಿ, ಆದರೆ ಸಮಸ್ಯೆ ಬಗೆಹರಿದ ಮೇಲೆ ಮಾಡಿ. ಒಂದು ಪಕ್ಷ ನಿದ್ದೆ, ಊಟ ಕೆಡುವಷ್ಟು ಹೆದರಿಕೆ ವಾರಗಟ್ಟಲೆ ಉಳಿದರೆ ಅದನ್ನು ಬೆಳೆಸಿದವರ ತಪ್ಪೆಂದು ನುಂಗಿಕೊಳ್ಳದೆ ವೈದ್ಯರನ್ನು ಕಾಣಿ. ಮಾನಸಿಕ ಆರೋಗ್ಯಕ್ಕೆಂದೇ ಇರುವ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದೇಶದ ಯಾವ ಊರಿನಿಂದ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು.

ಪ್ರಶ್ನೆ: ಮಿಸ್, ನಾನು ನಾಲ್ಕನೇ ಕ್ಲಾಸ್. ನಮ್ಮ ಅಜ್ಜಿ ಮನೆ ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ ಇದೆ. ಒಬ್ಬನೇ ಹೋಗ್ತೀನಿ ಅಂದ್ರೆ ಅಮ್ಮ ಬಿಡಲ್ಲ. ಏನು ಮಾಡಲಿ?
(ಜಯನಗರ)

ಉತ್ತರ: ಪುಟ್ಟಾ, ಮೊದಲು ನನಗೆ ಕೆಲವು ವಿಷಯ ಹೇಳು. ಅಮ್ಮನ ಫೋನ್ ನಂಬರನ್ನು ನೋಡದೆ ಬರೆಯಲು ಬರುತ್ತದೆಯೇ? ಅಜ್ಜಿ ಮನೆಯ ಕ್ರಾಸ್ ಎಷ್ಟನೆಯದು, ಮನೆ ನಂಬರ್ ಎಷ್ಟು, ಎದುರಿಗೆ ಯಾವ ಮರವಿದೆ? ದಾರಿಯಲ್ಲಿ ನಾಯಿ ಬೊಗಳಿದರೆ ಓಡದೆ ನಿಲ್ಲಲು ಆಗುತ್ತದೆಯೇ? ನಿನ್ನ ಶೂ ಲೇಸನ್ನು ಯಾರು ಕಟ್ಟುತ್ತಾರೆ? ಇದಕ್ಕೆಲ್ಲ ಉತ್ತರ ಸಿದ್ಧವಾದ ಮೇಲೆ ಮನೆಯಿಂದ ಅಜ್ಜಿ ಮನೆಗೆ ಒಂದು ನಕ್ಷೆ ಬರೆದು, ರಸ್ತೆ ದಾಟುವ ಜಾಗಕ್ಕೆ ಕೆಂಪು ಗುರುತು ಹಾಕಿ, ಅಮ್ಮನಿಗೆ ತೋರಿಸು. ಅವರು ಕಚೇರಿಯಿಂದ ಬಂದ ತಕ್ಷಣ ತೋರಿಸಬೇಡ, ಕಾಫಿ ಕುಡಿದ ಮೇಲೆ ತೋರಿಸು. ಮೊದಲ ದಿನ ಅಮ್ಮ ನಿಮ್ಮ ಗೇಟಿನಲ್ಲಿಯೂ ಅಜ್ಜಿ ತಮ್ಮ ಗೇಟಿನಲ್ಲಿಯೂ ನಿಂತಿರಲಿ, ಬೇಡವೆನ್ನಬೇಡ. ಹೋಗುವಾಗ ಬರಿಗೈಯಲ್ಲಿ ಹೋಗಬೇಡ. ಅಜ್ಜಿಗೆ ತಲುಪಿಸಬೇಕಾದದ್ದು ಏನಾದರೂ ಇದೆಯೇ ಎಂದು ಅಮ್ಮನನ್ನು ಕೇಳು, ಹುಳಿಯ ಡಬ್ಬಿಯಾದರೆ ಮುಚ್ಚಳ ಭದ್ರವಾಗಿದೆಯೇ ನೋಡಿಕೋ.